ಅಂಗಳಕ್ಕೆ ಗೋಡೆ ಹಾಕುವ ಮುನ್ನ

ಗೃಹಪ್ರವೇಶದ ದಿನ ವಿಶಾಲವಾಗಿ ತೋರಿದ ಮನೆ ಇಪ್ಪತ್ತು ವರ್ಷಗಳಲ್ಲಿ ಇಕ್ಕಟ್ಟಾಗಿ ತೋರುವುದು ಲೋಕಾನುಭವ. ಗೋಡೆಗಳೇನೂ ಹತ್ತಿರಕ್ಕೆ ಸರಿದಿರುವುದಿಲ್ಲ, ಸಂಸಾರ ಬೆಳೆದಿರುತ್ತದೆ. ಮಗನಿಗೆ ಮದುವೆ ನಿಶ್ಚಯವಾಗಿದೆ. ಮಗಳು ಹತ್ತನೆಯ ತರಗತಿಗೆ ಬಂದಿದ್ದಾಳೆ, ಓದಲು ಪ್ರತ್ಯೇಕವಾದ ಒಂದು ಮೂಲೆ ಬೇಕೆನ್ನುತ್ತಾಳೆ. ಹಳ್ಳಿಯಲ್ಲಿ ಒಂಟಿಯಾಗಿದ್ದ ಅಜ್ಜಿ ಮಂಡಿನೋವಿನಿಂದಾಗಿ ಮಗನ ಮನೆ ಸೇರಿದ್ದಾರೆ; ಮಹಡಿಯ ಮೆಟ್ಟಿಲು ಹತ್ತುವುದು ಅವರಿಂದಾಗದು. ಇಂಥ ಹೊತ್ತಿನಲ್ಲಿ ಯಜಮಾನರ ದೃಷ್ಟಿ ಮನೆಯ ಹಿಂದಣ ತೆರೆದ ಅಂಗಳದ ಮೇಲೆ ಬೀಳುವುದು ಸಹಜವೇ. ಮೂರು ಕಡೆಗೆ ಗೋಡೆ ಇದ್ದೇ ಇದೆ. ನೆಲಕ್ಕೆ ಶಹಾಬಾದಿ ಫರಸಿ ಹಾಸಿದೆ. ಇನ್ನೊಂದು ಗೋಡೆಯೆಬ್ಬಿಸಿ ಮೇಲೊಂದು ಮುಚ್ಚಿಗೆ ಹೊದಿಸಿದರೆ ಕೋಣೆಯೊಂದು ಸಿದ್ಧ. "ಹದಿನೈದು ದಿನದ ಕೆಲಸ, ಸಾಹೇಬರ" ಎಂದು ಮೇಸ್ತ್ರಿಯೂ ಹುರುಪು ತುಂಬುತ್ತಾನೆ.

ರಾಯಚೂರು, ಕಲಬುರಗಿ, ಬಳ್ಳಾರಿಗಳಂಥ ಊರುಗಳಲ್ಲಿ ಈ ಹದಿನೈದು ದಿನದ ಕೆಲಸ ಹಲವೊಮ್ಮೆ ಬಾಳಿನುದ್ದದ ಸೆಖೆಯಾಗಿ ಪರಿಣಮಿಸುವುದುಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ದೀಪಾವಳಿಯಲ್ಲಿ ಮುಗಿದ ಹೊಸ ಕೋಣೆ ಯುಗಾದಿಯವರೆಗೆ ಎಲ್ಲರ ಮೆಚ್ಚುಗೆಗೆ ಪಾತ್ರವಾಗಿರುತ್ತದೆ. ಅದರ ಮುಂದಿನ ತಿಂಗಳು ಅಜ್ಜಿ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಬರುತ್ತಾರೆ. "ಕಾದ ಹಂಚಿನ ಮ್ಯಾಲ ಮಲಗಿದಂಗ ಆಗ್ತದಪ್ಪಾ" ಎನ್ನುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಕೋಣೆಯಲ್ಲಿ ಹಳೆಯ ಸೈಕಲ್ಲು, ಅಕ್ಕಿಯ ಚೀಲ, ಮುರಿದ ಕುರ್ಚಿಗಳು ನೆಲೆಸುತ್ತವೆ. ಇನ್ನೂ ವಿಚಿತ್ರವೆಂದರೆ, ಅದುವರೆಗೆ ತಂಪಾಗಿದ್ದ ಅಡುಗೆಮನೆಯೂ ನಡುಮನೆಯೂ ಅಂದಿನಿಂದ ಬೇಯತೊಡಗುತ್ತವೆ. ಇದಕ್ಕೆ ಕಾರಣವೇನು?

ಅಂಗಳ ಮಾಡುತ್ತಿದ್ದ ಕೆಲಸ

ಬರಿದಾಗಿ ಬಿದ್ದಿದೆಯೆಂದು ತೋರುವ ಅಂಗಳ ಹಗಲಿರುಳೂ ದುಡಿಯುತ್ತಿರುತ್ತದೆ. ಬೇಸಗೆಯ ನಿರ್ಮಲವಾದ ರಾತ್ರಿಯಲ್ಲಿ ಅದರ ಹಾಸುಗಲ್ಲುಗಳು ತಮ್ಮ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತವೆ. ಕಲ್ಲನ್ನು ಸೋಕಿದ ಗಾಳಿಯೂ ತಂಪಾಗುತ್ತದೆ. ತಂಪು ಗಾಳಿ ಭಾರವಾದುದರಿಂದ ತಗ್ಗಿನಲ್ಲಿ ಶೇಖರವಾಗಿ ಬಾಗಿಲು ಕಿಟಕಿಗಳ ಮೂಲಕ ಒಳಮನೆಗೆ ಇಳಿಯುತ್ತದೆ. ಅಡುಗೆಮನೆಯ ಹೊಗೆ, ಬಚ್ಚಲಿನ ಆವಿ, ಒಳಗಿನ ಬಿಸಿಯುಸಿರು ಅದೇ ಅಂಗಳದ ಮೂಲಕ ಮೇಲೇರಿ ಹೊರಟುಹೋಗುತ್ತವೆ. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಗಳ ನಡುವಣ ಬಯಲು, ಬಯಲುಸೀಮೆಯ ಮಣ್ಣಿನ ಮಾಳಿಗೆಗಳ ಮೇಲಣ ಗವಾಕ್ಷಿ, ಇವೆರಡೂ ಮಾಡುತ್ತಿದ್ದುದು ಇದೇ ಕೆಲಸವನ್ನು. ಅಂಗಳವೆಂದರೆ ಮನೆಯ ಮೂಗು. ಬೇರೆಡೆಯಲ್ಲಿ ಉಸಿರಿಗೆ ದಾರಿಮಾಡದೆ ಅದನ್ನು ಮುಚ್ಚಿದರೆ ಒಳಗಿರುವವರಿಗೆ ಉಬ್ಬಸ ತಪ್ಪದು.

ಆದುದರಿಂದ ಹೊಸ ಕೋಣೆ ಎಷ್ಟು ದೊಡ್ಡದಾದೀತೆಂದು ಅಳೆಯುವುದಕ್ಕೆ ಮುಂಚೆ, ಅಂಗಳದತ್ತ ತೆರೆಯುವ ಹಳೆಯ ಬಾಗಿಲು ಕಿಟಕಿಗಳನ್ನು ಎಣಿಸಬೇಕು. ಅಡುಗೆಮನೆಯ ಒಂದೇ ಕಿಟಕಿ ಅತ್ತ ಇದ್ದರೆ, ಅದಕ್ಕೆ ಬದಲಾಗಿ ಬೇರೆ ಗೋಡೆಯಲ್ಲಿ ಕಿಟಕಿ ತೆರೆದ ಮೇಲೆಯೇ ಮುಂದಿನ ಮಾತು.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ವಿಷಯವೊಂದುಂಟು. ಎಷ್ಟೋ ಮನೆಗಳಲ್ಲಿ ಬಚ್ಚಲಿನ ಗಾಳಿಕಿಂಡಿ ಹಿಂದಣ ಅಂಗಳಕ್ಕೆ ತೆರೆದಿರುತ್ತದೆ; ನೀರು ಕಾಯಿಸುವ ಗ್ಯಾಸ್ ಗೀಸರ್ ಬಚ್ಚಲಿನಲ್ಲೋ ಅಂಗಳದ ಗೋಡೆಯ ಮೇಲೋ ಇರುತ್ತದೆ. ಅಂಗಳ ಬಯಲಾಗಿದ್ದಾಗ ಅದರ ಹೊಗೆ ಬಯಲಿಗೆ ಹೋಗುತ್ತಿತ್ತು. ಅದೇ ಅಂಗಳ ಮಲಗುವ ಕೋಣೆಯಾದರೆ, ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಒಳಗೆಯೇ ಸಂಚಯವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆಯೇ ಹೋಗಬಹುದು. ಅಡುಗೆಯ ಅನಿಲದ ಸ್ವಭಾವ ಬೇರೆ. ಅದು ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿಯೇ ಹರಡಿ ನಿಲ್ಲುತ್ತದೆ. ಗೀಸರನ್ನೂ ಸಿಲಿಂಡರನ್ನೂ ನಿಜವಾದ ಬಯಲಿಗೆ ಸಾಗಿಸದೆ ಅಂಗಳದ ಮೇಲೆ ಮುಚ್ಚಿಗೆ ಹಾಕಲೇಬಾರದು.

ಸೂರ್ಯನ ಹಾದಿ

ಮೇ ತಿಂಗಳ ಮೊದಲ ಹತ್ತು ದಿನಗಳಲ್ಲಿ ಬಳ್ಳಾರಿ, ರಾಯಚೂರು, ಕಲಬುರಗಿಗಳ ಮೇಲೆ ಸೂರ್ಯನು ಒಂದೊಂದಾಗಿ ನೆತ್ತಿಗೇ ಬರುತ್ತಾನೆ. ಆಗ ನಡುಹಗಲಿನಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಬಿಸಿಲಿನ ಬಹುಪಾಲು ಹೊರೆ ಹೊರುವುದು ಮನೆಯ ಛಾವಣಿಯೇ ಎಂಬುದು ಇದರಿಂದ ಸ್ಪಷ್ಟ. ಗೋಡೆಗಳ ಪೈಕಿ ದಕ್ಷಿಣದ ಗೋಡೆಗೆ ಬೇಸಗೆಯಲ್ಲಿ ಅಷ್ಟಾಗಿ ಬಾಧೆಯಿಲ್ಲ. ಒಂದೂವರೆ ಎರಡು ಅಡಿಯ ಸಜ್ಜೆ ಅದನ್ನು ಕಾಯುತ್ತದೆ. ಪಡುವಣ ಗೋಡೆಯ ಕಥೆ ಬೇರೆ. ಮೂರು ಗಂಟೆಯ ಮೇಲೆ ಸೂರ್ಯ ಕೆಳಗಿಳಿದು ಸಜ್ಜೆಯ ಅಡಿಯಿಂದ ಒಳಗೆ ನುಗ್ಗುತ್ತಾನೆ. ಅಂಗಳ ಪಶ್ಚಿಮಕ್ಕೆ ತೆರೆದಿದ್ದರೆ ಅಲ್ಲಿ ಅಗಲವಾದ ಗಾಜಿನ ಕಿಟಕಿ ಇಡುವುದೆಂದರೆ ಸಂಜೆಯ ಬಿಸಿಲನ್ನು ಅರಿಶಿನ ಕುಂಕುಮ ಕೊಟ್ಟು ಕರೆದಂತೆ. ಅತ್ತ ಒಂದು ಬೇವನ್ನೋ ಹೊಂಗೆಯನ್ನೋ ಬೆಳೆಸುವುದು, ಬಿದಿರಿನ ತಟ್ಟಿ ಕಟ್ಟುವುದು, ಇಲ್ಲವೆ ಮೂರು ಅಡಿಯ ಪಡಿಮಾಡು ಇಳಿಬಿಡುವುದು ಜಾಣತನ.

ಗಾಜಿನ ಗುಣವನ್ನು ಅನೇಕರು ಮರೆಯುತ್ತಾರೆ. ಬಿಸಿಲು ಅದರ ಮೂಲಕ ಸಲೀಸಾಗಿ ಒಳಬರುತ್ತದೆ. ಒಳಗಿನ ನೆಲ, ಮಂಚ, ಗೋಡೆಗಳನ್ನು ಕಾಯಿಸುತ್ತದೆ. ಕಾದ ವಸ್ತುಗಳು ಹೊರಸೂಸುವ ಶಾಖವನ್ನು ಮಾತ್ರ ಗಾಜು ಹೊರಕ್ಕೆ ಬಿಡದು. ಚಳಿದೇಶದವರು ಗಾಜಿನ ಮನೆಯಲ್ಲಿ ಗಿಡ ಬೆಳೆಸುವುದು ಈ ಉಪಾಯದಿಂದಲೇ. ಪರದೆಯನ್ನು ಗಾಜಿನ ಒಳಗಡೆ ತೂಗಿಬಿಟ್ಟರೆ ಶಾಖ ಆಗಲೇ ಒಳಬಂದಿರುತ್ತದೆ. ತಡೆಯೇನಿದ್ದರೂ ಹೊರಗಡೆ ಇರಬೇಕು.

ತಲೆಯ ಮೇಲಣ ಮುಚ್ಚಿಗೆ

ಅಗ್ಗವೂ ಶೀಘ್ರವೂ ಆದುದು ತಗಡು. ಅದು ಬಿಸಿಲಿಗೆ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ, ಕಾದ ಶಾಖವನ್ನೆಲ್ಲ ನೇರವಾಗಿ ತಲೆಯ ಮೇಲೆ ಸುರಿಯುತ್ತದೆ. ತಗಡೇ ಗತಿಯೆನ್ನುವವರು ಅದರ ಕೆಳಗೆ ಒಂದು ಅಡಿಯಷ್ಟು ಅಂತರ ಬಿಟ್ಟು ಒಳಮಾಡು ಹಾಕಿಸಿ, ಆ ಅಂತರದ ಎರಡು ತುದಿಗಳಲ್ಲಿಯೂ ಗಾಳಿಯಾಡಲು ಕಿಂಡಿ ಇಡಬೇಕು. ಹಳೆಯ ಕಲ್ನಾರಿನ ತಗಡುಗಳನ್ನು ಕಡಿಮೆ ಬೆಲೆಗೆ ತಂದು ಕೊಯ್ದು ಹೊದಿಸುವುದು ಖಂಡಿತ ಕೂಡದು. ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ಸಂಗತಿ. ಬೆಳಕಿಗಾಗಿ ಹಾಕುವ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಇಡೀ ಛಾವಣಿಯನ್ನೇ ಆವರಿಸಿದರೆ ಗಾಜಿನಷ್ಟೇ ಸಂಕಟ ತರುತ್ತದೆ.

ಕಾಂಕ್ರೀಟಿನ ಛಾವಣಿ ಗಟ್ಟಿ. ಆದರೆ ಅದು ಮಧ್ಯಾಹ್ನ ಕುಡಿದ ಬಿಸಿಲನ್ನು ಸಂಜೆಯ ಮೇಲೆ ಒಳಕ್ಕೆ ಕಾರುತ್ತದೆ. ಕೋಣೆ ಅತ್ಯಂತ ಬಿಸಿಯಾಗುವುದು ಮಲಗುವ ಹೊತ್ತಿಗೇ. ಇಟ್ಟಿಗೆ ಚೂರನ್ನು ಸುಣ್ಣದ ಗಾರೆಯೊಡನೆ ದಪ್ಪವಾಗಿ ಹಾಸುವುದು, ಸಣ್ಣ ಮಡಕೆಗಳನ್ನು ಬೋರಲಾಗಿಟ್ಟು ಮೇಲೆ ಗಾರೆ ಹಾಕುವುದು, ಕೊನೆಗೆ ಬಿಳಿಯ ಸುಣ್ಣ ಬಳಿಯುವುದು, ಇವು ಬಹುಕಾಲದಿಂದ ನಡೆದುಬಂದಿರುವ ಪರಿಹಾರಗಳು. ಬಿಳುಪು ಬಿಸಿಲಿನ ಬಹುಭಾಗವನ್ನು ಹಿಂದಕ್ಕೆ ಕಳುಹಿಸುತ್ತದೆ. ಧೂಳು ಕವಿದೊಡನೆ ಆ ಶಕ್ತಿ ಕುಂದುತ್ತದೆ. ಆದಕಾರಣ ಪ್ರತಿವರ್ಷ ಶಿವರಾತ್ರಿ ಕಳೆದೊಡನೆ ಮಾಳಿಗೆ ತೊಳೆದು ಮತ್ತೆ ಸುಣ್ಣ ಬಳಿಯಬೇಕು. ಮಂಗಳೂರು ಹೆಂಚಿನ ಇಳಿಜಾರು ಮಾಡೂ ಒಳ್ಳೆಯದೇ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಈ ಹೆಂಚು ನಾಡಿಗೆಲ್ಲ ಪರಿಚಿತ. ಕೆಳಗೊಂದು ಚಪ್ಪಟೆ ಹೆಂಚಿನ ಪದರವಿದ್ದರೆ ನಡುವಣ ಗಾಳಿಯೇ ಶಾಖಕ್ಕೆ ಅಡ್ಡಿ.

ಎತ್ತರದಲ್ಲಿ ಜಿಪುಣತನ ಬೇಡ. ಹಳೆಯ ಕಿಟಕಿಯ ಸಜ್ಜೆಯ ಕೆಳಗೆಯೇ ಹೊಸ ಛಾವಣಿ ತೂರಿಸುವ ಆಸೆಯಿಂದ ಏಳು ಅಡಿಗೆ ನಿಲ್ಲಿಸುವವರುಂಟು. ವಾಸದ ಕೋಣೆ ಕನಿಷ್ಠ 2.75 ಮೀಟರ್, ಎಂದರೆ ಸುಮಾರು 9 ಅಡಿ ಎತ್ತರವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ವಿಧಿಸುತ್ತದೆ.

ಬೇಲೂರಿನ ಪಾಠ

ತೆರೆದ ಮಂಟಪವನ್ನು ಗಾಳಿ ಬೆಳಕುಗಳನ್ನು ಕೊಲ್ಲದೆ ಮುಚ್ಚಿದ ಒಂದು ಭವ್ಯವಾದ ನಿದರ್ಶನ ಕನ್ನಡ ನಾಡಿನಲ್ಲಿಯೇ ಇದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗ ಮೊದಲು ಸುತ್ತಲೂ ತೆರೆದಿತ್ತು. ಅವನ ಮೊಮ್ಮಗ ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಹೊರಗಂಬಗಳ ನಡುವೆ ಕಲ್ಲಿನ ಜಾಲಂಧ್ರಗಳನ್ನು ಕೂಡಿಸಿದರು. ಕೆಲವು ಜಾಲಂಧ್ರಗಳಲ್ಲಿ ಪುರಾಣದ ಚಿತ್ರಗಳಿವೆ, ಕೆಲವು ಬರಿಯ ರೇಖಾವಿನ್ಯಾಸಗಳು. ಮಂಟಪಕ್ಕೆ ಮರೆ ದೊರಕಿತು, ಗಾಳಿ ನಿಲ್ಲಲಿಲ್ಲ, ಬೆಳಕು ಸೋಸಿ ಬರತೊಡಗಿತು.

ಅದೇ ತತ್ತ್ವವನ್ನು ಬಡವರ ಮನೆಗೂ ಎಟುಕುವಂತೆ ಇಟ್ಟಿಗೆಯಲ್ಲಿ ಸಾಧಿಸಿದವರು ಇಂಗ್ಲೆಂಡಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007). ಇಟ್ಟಿಗೆಗಳ ನಡುವೆ ಬಿಡುವು ಕೊಟ್ಟು ಕಟ್ಟುವ ಅವರ ಜಾಲಿಗೋಡೆ ಕಿಟಕಿಗಿಂತ ಅಗ್ಗ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಒಳಗೆ ಪೊಳ್ಳು ಬಿಡುವ ಅವರ ಇನ್ನೊಂದು ಕ್ರಮದಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಶಾಖವೂ ತಡೆಯಲ್ಪಡುತ್ತದೆ. ಸೊಳ್ಳೆಯ ಭಯವಿದ್ದರೆ ಜಾಲಿಯ ಒಳಗಡೆ ಬಲೆ ಹೊಡೆಸಬಹುದು. ಧೂಳಿನ ಗಾಳಿಗೆ ಮಡಿಸುವ ಕದ ಇಡಬಹುದು.

ಕಿಟಕಿಯ ಅಳತೆಗೂ ಸಂಹಿತೆಯಲ್ಲಿ ಲೆಕ್ಕವಿದೆ. ಕಲಬುರಗಿಯಂಥ ಒಣಬಿಸಿಲಿನ ಸೀಮೆಯಲ್ಲಿ ನೆಲದ ವಿಸ್ತೀರ್ಣದ ಹತ್ತನೆಯ ಒಂದು ಪಾಲು, ಕರಾವಳಿಯಂಥ ತೇವದ ಸೆಖೆಯಲ್ಲಿ ಆರನೆಯ ಒಂದು ಪಾಲು ತೆರಪಿರಬೇಕು. 120 ಚದರ ಅಡಿಯ ಕೋಣೆಗೆ ಮೊದಲನೆಯದರಲ್ಲಿ 12, ಎರಡನೆಯದರಲ್ಲಿ 20 ಚದರ ಅಡಿ. ಈ ತೆರಪು ಎರಡು ಗೋಡೆಗಳಿಗೆ ಹಂಚಿರಲಿ. ಒಳಬಂದ ಗಾಳಿಗೆ ಹೊರದಾರಿ ಬೇಕಷ್ಟೆ. ಕೂಲರ್ ಇಡುವವರಿಗೂ ಇದೇ ಮಾತು. ಎದುರಿನ ಕಿಟಕಿ ಮುಚ್ಚಿ ಕೂಲರ್ ನಡೆಸಿದರೆ ತೇವ ಒಳಗೇ ತುಂಬಿ ತಂಪಿನ ಬದಲು ಜಿಗುಟು ಉಳಿಯುತ್ತದೆ.

ಕಾಲ ಕೆಳಗಿನ ನೆಲ

ಫರಸಿ ಹಾಸಿದ ನೆಲ ಅಡಿಪಾಯವಲ್ಲ. ರಾಯಚೂರು, ವಿಜಯಪುರ, ಕಲಬುರಗಿಗಳ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಹಾಸುಗಲ್ಲಿನ ಮೇಲೆಯೇ ಎಬ್ಬಿಸಿದ ಗೋಡೆ ಎರಡು ಮಳೆಗಾಲ ಕಳೆಯುವುದರೊಳಗೆ ಹಳೆಯ ಗೋಡೆಯಿಂದ ಬೇರ್ಪಟ್ಟು ಬಿರುಕು ಬಿಡುತ್ತದೆ. ಬುನಾದಿಯನ್ನು ಗಟ್ಟಿನೆಲದವರೆಗೆ ಅಗೆಸಲೇಬೇಕು. ಅಂಗಳದ ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ. ಮಾಳಿಗೆಯ ನೀರಿನ ಕೊಳವೆಯೂ ಅಲ್ಲಿಗೇ ಇಳಿದಿರುತ್ತದೆ. ನೆಲವನ್ನು ಎತ್ತರಿಸಿ ಮಟ್ಟಮಾಡುವ ಮೊದಲು ಆ ನೀರಿಗೆ ಹೊಸ ಮೋರಿ ತೋರಿಸಬೇಕು. ಇಲ್ಲವಾದರೆ ಮೊದಲ ಮಳೆಗೆ ಹೊಸ ಕೋಣೆ ಕೆರೆಯಾದೀತು.

ನಿವೇಶನದ ಸುತ್ತ ಬಿಡಬೇಕಾದ ಖಾಲಿ ಜಾಗದ ನಿಯಮವನ್ನೂ ಲಕ್ಷ್ಯದಲ್ಲಿಡಬೇಕು. ಅಂಗಳ ಆ ಜಾಗದಲ್ಲಿಯೇ ಇದ್ದರೆ ಅದರ ಮೇಲೆ ಕಟ್ಟುವುದು ಅಕ್ರಮವಾಗಬಹುದು. ನಗರಸಭೆಯ ಅನುಮತಿಯಿಲ್ಲದ ಕೋಣೆ ಮನೆ ಮಾರುವಾಗಲೂ ಸಾಲ ಕೇಳುವಾಗಲೂ ಮುಳ್ಳಾಗುತ್ತದೆ. ನೆರೆಯವರ ಗಾಳಿ ಬೆಳಕಿಗೆ ಅಡ್ಡಬಂದರೆ ಮನಸ್ತಾಪ ಬೇರೆ.

ಯಾರಿಗಾಗಿ ಈ ಕೋಣೆ?

2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣತೆ 46.8 ಡಿಗ್ರಿ ಮುಟ್ಟಿತು. ಆ ಒಂದು ತಿಂಗಳಲ್ಲಿ ಎಂದಿಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದವೆಂದು ಆಮೇಲೆ ಲೆಕ್ಕಹಾಕಲಾಯಿತು. ಆ ನಗರ 2013ರಲ್ಲಿ ಬಿಸಿಲಿನ ವಿರುದ್ಧ ಕಾರ್ಯಯೋಜನೆಯೊಂದನ್ನು ಜಾರಿಗೆ ತಂದು, ಕ್ರಮೇಣ ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಸುವುದಕ್ಕೂ ಕೈಹಾಕಿತು. ಬಿಸಿಲು ಬೀದಿಯಲ್ಲಿ ಮಾತ್ರ ಕೊಲ್ಲುವುದಿಲ್ಲ. ರಾತ್ರಿಯೂ ತಣಿಯದ ಕೋಣೆಯೊಳಗೆ ಮುದುಕರನ್ನೂ ಹಸುಗೂಸುಗಳನ್ನೂ ಮೊದಲು ಹಿಡಿಯುತ್ತದೆ. ವಯಸ್ಸಾದವರ ಮೈ ಬೆವರಿ ತಣಿಯುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಅವರಿಗೆ ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ. ಅಂಗಳವನ್ನು ಮುಚ್ಚಿ ಮಾಡುವ ಕೋಣೆಯಲ್ಲಿ ಮಲಗಬೇಕಾದವರು ಹೆಚ್ಚಾಗಿ ಇವರೇ ಆದುದರಿಂದ, ಮನೆಯಲ್ಲೆಲ್ಲ ಅತ್ಯಂತ ತಂಪಾದ ಕೋಣೆ ಇದೇ ಆಗಬೇಕು. ಅದು ಸಾಧ್ಯವಿಲ್ಲವೆಂದು ಕಂಡರೆ ನಡುಮನೆಯನ್ನು ಅಜ್ಜಿಗೆ ಬಿಟ್ಟುಕೊಟ್ಟು, ಹೊಸ ಕೋಣೆಯನ್ನು ಬೆಳಗಿನ ಹೊತ್ತು ಓದುವ ಮಕ್ಕಳಿಗೆ ಮೀಸಲಿಡುವುದೇ ವಿವೇಕ. ಅಂಗಳದ ಅರ್ಧವನ್ನು ಮಾತ್ರ ಮುಚ್ಚಿ ಉಳಿದರ್ಧವನ್ನು ಬಯಲಾಗಿಯೇ ಉಳಿಸುವುದು ಇನ್ನೊಂದು ಮಾರ್ಗ. ಕೋಣೆ ಚಿಕ್ಕದಾದರೂ ಮನೆಗೆ ಉಸಿರು ಉಳಿಯುತ್ತದೆ.

ಇನ್ನೂ ಮನಸ್ಸು ತೂಗುಯ್ಯಾಲೆಯಲ್ಲಿದ್ದರೆ ಒಂದು ಸುಲಭವಾದ ಪರೀಕ್ಷೆಯಿದೆ. ಬರುವ ಯುಗಾದಿಗೆ ಅಂಗಳದ ಮೇಲೆ ತೆಂಗಿನ ಗರಿಯ ಹಂದರ ಹಾಕಿಸಿ, ಮುಂದಣ ಗೋಡೆ ಬರಬೇಕಾದಲ್ಲಿ ಚಾಪೆ ಕಟ್ಟಿಸಬೇಕು. ಮನೆಯವರು ಅಲ್ಲಿ ಸರದಿಯಂತೆ ಮಲಗಿ ನೋಡಲಿ. ಬಿಸಿಲು ಯಾವ ಮೂಲೆಯಿಂದ ನುಗ್ಗುತ್ತದೆ, ಗಾಳಿ ಎತ್ತಣಿಂದ ಬರುತ್ತದೆ, ಅಡುಗೆಮನೆಯ ಸೆಖೆ ಎಷ್ಟು ಹೆಚ್ಚಿತು ಎಂಬುದೆಲ್ಲ ಮೇ ಕೊನೆಯ ವೇಳೆಗೆ ತಾನಾಗಿಯೇ ತಿಳಿಯುತ್ತದೆ. ಹಂದರ ಹಿಡಿಸದಿದ್ದರೆ ಒಂದು ಸಂಜೆಯಲ್ಲಿ ಬಿಚ್ಚಬಹುದು, ಕಾಂಕ್ರೀಟನ್ನು ಬಿಚ್ಚಲಾಗದು.