ರಂಗೋಲಿಯ ಕೆಳಗೆ ತೂರುವವರು

ಪೋಲೆಂಡಿನ ಬಾಲ್ಟಿಕ್ ಕಡಲತೀರದಲ್ಲಿ ಒಂದು ಊರಿದೆ. ಪೋಲಿಷರಿಗೆ ಅದು ಗ್ದಾನ್ಸ್ಕ್, ಜರ್ಮನ್ನರಿಗೆ ಡಾನ್ಜಿಗ್. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಬ್ಬರು ಒಂದು ಹೆಸರು ಬರೆದರೆ ಇನ್ನೊಬ್ಬರು ಬಂದು ಅದನ್ನು ಅಳಿಸಿ ತಮ್ಮದನ್ನು ಬರೆಯುತ್ತಿದ್ದರು. ಮೊದಲಿನವರು ಮತ್ತೆ ಬಂದು ಹಳೆಯದನ್ನೇ ಕೂರಿಸುತ್ತಿದ್ದರು. ದೂರದಿಂದ ನೋಡಿದವರಿಗೆ ಇದು ಕೆಲಸವಿಲ್ಲದವರ ಕಿತ್ತಾಟ. ಬೆಳಗಾವಿ ಅಧಿಕೃತವಾಗಿ ಬೆಳಗಾವಿಯಾಗಲು 2014ರವರೆಗೆ ಕಾದ ಕನ್ನಡಿಗರಿಗೆ ಮಾತ್ರ ಹಾಗನ್ನಿಸಲಾರದು.

2005ರಲ್ಲಿ ಮತ ಹಾಕಿ ಜಗಳ ಬಗೆಹರಿಸಿಕೊಂಡರು. 1308ರಿಂದ 1945ರವರೆಗಿನ ಸಂಗತಿಗಳಿಗೆ ಡಾನ್ಜಿಗ್, ಅದಕ್ಕೂ ಹಿಂದಿನ ಮತ್ತು ಮುಂದಿನ ಕಾಲಕ್ಕೆ ಗ್ದಾನ್ಸ್ಕ್. ವ್ಯಕ್ತಿಗಳ ಲೇಖನಗಳಿಗೆ ಬೇರೆ ಲೆಕ್ಕ: ಸ್ಪಷ್ಟವಾಗಿ ಜರ್ಮನ್ ಆಗಿದ್ದವರಿಗೆ ಜರ್ಮನ್ ಹೆಸರು ಮೊದಲು, ಸ್ಪಷ್ಟವಾಗಿ ಪೋಲಿಷ್ ಆಗಿದ್ದವರಿಗೆ ಪೋಲಿಷ್ ಹೆಸರು ಮೊದಲು.

ಆ ‘ಸ್ಪಷ್ಟವಾಗಿ’ ಎಂಬ ಪದದಲ್ಲೇ ಇರುವುದು ತೊಡಕು. ಚಂದ್ರನ ನಕ್ಷೆ ಬರೆದ ಖಗೋಳ ವಿಜ್ಞಾನಿ ಹೆವೇಲಿಯಸ್ 1611ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಮನೆತನದ ಕಸುಬು ಬಿಯರ್ ತಯಾರಿಕೆ, ಮಾತು ಜರ್ಮನ್. ಊರಿದ್ದದ್ದು ಪೋಲೆಂಡಿನ ದೊರೆಯ ಆಳ್ವಿಕೆಯಲ್ಲಿ. ತಾನು ಗುರುತಿಸಿದ ಒಂದು ನಕ್ಷತ್ರಪುಂಜಕ್ಕೆ ಆತ ಪೋಲಿಷ್ ದೊರೆ ಸೋಬಿಯೆಸ್ಕಿಯ ಹೆಸರಿಟ್ಟ. ಈತ ಯಾರವನು? ಇಸವಿ ಹಾಕಿ ಗೆರೆ ಎಳೆದ ನಿಯಮವೂ ಇಲ್ಲಿಗೆ ಬಂದಾಗ ಯಾರಾದರೊಬ್ಬರ ತೀರ್ಮಾನಕ್ಕಾಗಿ ಕೈಕಟ್ಟಿ ನಿಲ್ಲುತ್ತದೆ.

ಇಂಥ ಜಗಳಗಳಿಗೆಂದೇ ವಿಕಿಪೀಡಿಯದಲ್ಲಿ ಇನ್ನೂ ಸರಳವಾದ ನಿಯಮವೊಂದಿದೆ. 24 ಗಂಟೆಗಳಲ್ಲಿ ಒಂದೇ ಪುಟದಲ್ಲಿ ಬೇರೆಯವರ ತಿದ್ದುಪಡಿಯನ್ನು ಮೂರಕ್ಕಿಂತ ಹೆಚ್ಚು ಸಲ ರದ್ದು ಮಾಡಿದರೆ ಬ್ಲಾಕ್ ಆಗಬಹುದು. ಬೆರಳೆಣಿಸಿ ಹೇಳಬಹುದಾದ ತಪ್ಪು; ನಿರ್ವಾಹಕರು ಮುಖ ನೋಡಿ ಮಣೆ ಹಾಕಿದರೆಂಬ ದೂರಿಗೆ ಜಾಗವಿಲ್ಲ. ಆದರೆ ಚಾಪೆಯ ಕೆಳಗೆ ತೂರಿದವರನ್ನು ಹಿಡಿಯಹೋದರೆ ರಂಗೋಲಿಯ ಕೆಳಗೆ ತೂರುವವರು ಸಿಗುತ್ತಾರೆ. ಮೂರು ಸಲ ರದ್ದು ಮಾಡಿ, ಗಡಿಯಾರ ನೋಡುತ್ತ ಕೂತು, ನಾಲ್ಕನೆಯದನ್ನು 25ನೇ ಗಂಟೆಗೆ ಮಾಡಿದರೆ? ಅದಕ್ಕೇ ನಿಯಮದ ಜೊತೆಯಲ್ಲೇ ಎಚ್ಚರಿಕೆಯೂ ಇದೆ: ಮೂರು ಎಂಬುದು ಹಕ್ಕಲ್ಲ, ಕಾಲಾವಧಿ ಮುಗಿದ ಕೂಡಲೇ ರದ್ದು ಮಾಡುವುದೂ ಜಗಳವೇ ಆಗಬಹುದು. ಮುಂಬಾಗಿಲಿನಿಂದ ಕಳಿಸಿದ ವಿವೇಚನೆಯನ್ನು ಹಿತ್ತಲ ಬಾಗಿಲಿಂದ ಒಳಕ್ಕೆ ಕರೆಯಬೇಕಾಯಿತು.

ಹಾಗೆ ಕರೆಯದಿದ್ದರೆ ಏನಾಗುತ್ತದೆಂಬುದಕ್ಕೆ 2016ರ ಒಂದು ಪ್ರಕರಣವಿದೆ. ನಾರ್ವೆಯ ಲೇಖಕ ಟಾಮ್ ಎಗೆಲಾಂಡ್ ಫೇಸ್‌ಬುಕ್‌ನಲ್ಲಿ ಕೆಲವು ಯುದ್ಧದ ಚಿತ್ರಗಳನ್ನು ಹಾಕಿದರು. ಅವುಗಳಲ್ಲಿ ಒಂದು, 1972ರ ಜೂನ್ 8ರಂದು ವಿಯೆಟ್ನಾಮಿನ ಟ್ರಾಂಗ್ ಬಾಂಗ್‌ನಲ್ಲಿ ತೆಗೆದದ್ದು: ನೇಪಾಮ್ ಬಾಂಬಿನಿಂದ ಮೈ ಸುಟ್ಟುಕೊಂಡು, ಬಟ್ಟೆಯಿಲ್ಲದೆ ಓಡಿಬರುತ್ತಿರುವ ಒಂಬತ್ತು ವರ್ಷದ ಹುಡುಗಿ. ಫೇಸ್‌ಬುಕ್ ಅದನ್ನು ತೆಗೆದುಹಾಕಿತು. ಅದೇ ಚಿತ್ರ ಹಾಕಿದ ‘ಆಫ್ಟನ್‌ಪೋಸ್ಟನ್’ ಪತ್ರಿಕೆಯ ಪೋಸ್ಟೂ ಹೋಯಿತು. ಪತ್ರಿಕೆಯ ಸಂಪಾದಕರು ಫೇಸ್‌ಬುಕ್ ಮುಖ್ಯಸ್ಥ ಜುಕರ್‌ಬರ್ಗ್‌ಗೆ ಮುಖಪುಟದಲ್ಲೇ ಬಹಿರಂಗ ಪತ್ರ ಬರೆದರು. ನಾರ್ವೆಯ ಆಗಿನ ಪ್ರಧಾನಿ ಎರ್ನಾ ಸೂಲ್ಬರ್ಗ್ ಹಾಕಿದ್ದೂ ಉಳಿಯಲಿಲ್ಲ. ಸೆಪ್ಟೆಂಬರ್ 9ರಂದು ಕಂಪನಿ ಮಣಿದು ಚಿತ್ರವನ್ನು ಮರಳಿಸಿತು. ಗಮನಿಸಬೇಕಾದ್ದು, ಅಳಿಸಿದವರು ನಿಯಮ ಮುರಿದಿರಲಿಲ್ಲ, ಪಾಲಿಸಿದ್ದರು. ಮಕ್ಕಳ ಬೆತ್ತಲೆ ಚಿತ್ರ ಬೇಡ ಎಂಬ ನಿಯಮವನ್ನು ಬೇಡವೆನ್ನುವವರಾದರೂ ಯಾರು?

ಇಂಥ ತೀರ್ಮಾನಗಳನ್ನು ಮರುಪರಿಶೀಲಿಸಲು ಫೇಸ್‌ಬುಕ್ ಒಂದು ಮೇಲ್ವಿಚಾರಣಾ ಮಂಡಳಿಯನ್ನು ಸ್ಥಾಪಿಸಿತು. ಅದರ ಮೊದಲ ತೀರ್ಪುಗಳು ಬಂದದ್ದು 2021ರ ಜನವರಿಯಲ್ಲಿ. ಅವುಗಳಲ್ಲೊಂದು ಬ್ರೆಜಿಲ್‌ನದು. ಸ್ತನ ಕ್ಯಾನ್ಸರ್ ಬಗ್ಗೆ ಅರಿವು ಮೂಡಿಸಲು ಬಳಕೆದಾರರೊಬ್ಬರು ಫೇಸ್‌ಬುಕ್‌ನದೇ ಆದ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದ ಚಿತ್ರಗಳನ್ನು ಯಂತ್ರವೇ ನೋಡಿ, ಯಂತ್ರವೇ ಅಳಿಸಿತ್ತು. ಕ್ಯಾನ್ಸರ್ ಅರಿವಿಗೆ ವಿನಾಯಿತಿ ಇದೆಯೆಂದು ನಿಯಮದಲ್ಲೇ ಬರೆದಿತ್ತು. ಮಂಡಳಿ ಪ್ರಕರಣವನ್ನು ಕೈಗೆತ್ತಿಕೊಂಡ ಮೇಲೆ ಕಂಪನಿ ತಪ್ಪೊಪ್ಪಿ ಪೋಸ್ಟನ್ನು ಮರಳಿಸಿತು. ಇನ್ನು ವಿಚಾರಣೆ ಯಾಕೆಂದೂ ವಾದಿಸಿತು. ಮಂಡಳಿ ಒಪ್ಪಲಿಲ್ಲ. ಯಂತ್ರ ಅಳಿಸಿದಾಗ ಅಳಿಸಿದ್ದು ಯಂತ್ರ ಎಂಬುದನ್ನಾದರೂ ಬಳಕೆದಾರರಿಗೆ ತಿಳಿಸಿ ಎಂದು ಶಿಫಾರಸು ಮಾಡಿತು.