ಮಧುಗಿರಿ ಬೆಟ್ಟ ಹದಿನೈದು ಅಡಿ

ತುಮಕೂರಿನಿಂದ ಹೊರಟು ಕೊರಟಗೆರೆ, ಮಧುಗಿರಿ, ಪಾವಗಡ ಹಾದು ರಾಯದುರ್ಗ ಸೇರಬೇಕಾದ ರೈಲು ದಾರಿಯ ಉದ್ದ ಸುಮಾರು 207 ಕಿ.ಮೀ. ಅದನ್ನು 87ರಿಂದ ಭಾಗಿಸಿದರೆ ಸಿಗುವುದು 2 ಕಿ.ಮೀ. 380 ಮೀಟರ್. ಶಿರಾದ ಮೇಲೆ ಹೋಗುವ ತುಮಕೂರು–ದಾವಣಗೆರೆ ದಾರಿ ಸುಮಾರು 191 ಕಿ.ಮೀ. ಭಾಗಿಸಿದರೆ 2 ಕಿ.ಮೀ. 195 ಮೀಟರ್. ಮಧುಗಿರಿಯ ಏಕಶಿಲಾ ಬೆಟ್ಟ ಸಮುದ್ರ ಮಟ್ಟದಿಂದ 1,197 ಮೀಟರ್ ಎತ್ತರದಲ್ಲಿದೆ, ಊರಿನ ನೆಲದಿಂದ ಲೆಕ್ಕ ಹಾಕಿದರೆ ಸುಮಾರು 400 ಮೀಟರ್. 87ರಿಂದ ಭಾಗಿಸಿದ ಬೆಟ್ಟದ ಎತ್ತರ ಹದಿನೈದು ಅಡಿ. ಬೆಟ್ಟ ಏರುವವರು ಏದುಸಿರು ಬಿಡುವ ಆ ಬಂಡೆ, ಒಂದು ಮಾಳಿಗೆಯ ಮನೆಯ ತಾರಸಿಗಿಂತ ತುಸು ಮೇಲಕ್ಕೆ ನಿಲ್ಲುತ್ತದೆ.

ಈ 87 ಎಲ್ಲಿಂದ ಬಂತು? ಜಗತ್ತಿನಲ್ಲಿ ಮಾದರಿ ರೈಲು ಕಟ್ಟುವವರು ಅತಿ ಹೆಚ್ಚು ಬಳಸುವ ಅಳತೆ ಎಚ್‌ಒ. ನಿಜದ ಒಂದು ಅಡಿಗೆ ಮಾದರಿಯಲ್ಲಿ ಮೂರೂವರೆ ಮಿಲಿಮೀಟರ್. ಭಾಗಾಕಾರ ಮಾಡಿದರೆ 87.1. ಕೊನೆಯ ಆ ಪುಟ್ಟ ಅಂಕಿಯನ್ನು ಬಿಟ್ಟೇ ಲೆಕ್ಕ ಮುಂದುವರಿಸೋಣ.

ಜಮೀನಿನ ಲೆಕ್ಕಕ್ಕೆ ಬಂದರೆ ಬೆರಗು ಇನ್ನೂ ಹೆಚ್ಚು. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲು ಗ್ರಾಮಗಳ ರೈತರಿಂದ ಗುತ್ತಿಗೆಗೆ ಪಡೆದ ನೆಲದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ನಿಂತಿದೆ. ವಿಸ್ತೀರ್ಣ ಸುಮಾರು 13,000 ಎಕರೆ. ಉದ್ದವೂ ಅಗಲವೂ 87 ಪಾಲು ಕುಗ್ಗುವುದರಿಂದ ವಿಸ್ತೀರ್ಣ 7,569 ಪಾಲು ಕುಗ್ಗುತ್ತದೆ. ಹದಿಮೂರು ಸಾವಿರ ಎಕರೆ ಹೋಗಿ ಒಂದು ಎಕರೆ ಇಪ್ಪತ್ತೊಂಬತ್ತು ಗುಂಟೆ ಉಳಿಯುತ್ತದೆ. ಮಧುಗಿರಿ ತಾಲ್ಲೂಕು ಮೈದನಹಳ್ಳಿಯ ಕೃಷ್ಣಮೃಗಗಳ 798 ಎಕರೆ ಹುಲ್ಲುಗಾವಲು ನಾಲ್ಕು ಗುಂಟೆಗೆ ಬರುತ್ತದೆ. ಅಲ್ಲಿ ಮೇಯುವ ಒಂದು ಗಂಡು ಕೃಷ್ಣಮೃಗ ಭುಜದವರೆಗೆ ಒಂಬತ್ತು ಮಿಲಿಮೀಟರ್.

ತುಮಕೂರಿಗೆ ಮೀಟರ್ ಗೇಜ್ ರೈಲು ಬಂದದ್ದು 1884ರಲ್ಲಿ. ಆಮೇಲೆ ನಾಲ್ಕಾರು ತಲೆಮಾರು ಕಳೆದರೂ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಈ ನಾಲ್ಕು ತಾಲ್ಲೂಕಿನ ಜನ ರೈಲು ಹತ್ತಲು ತುಮಕೂರಿಗೋ ಗೌರಿಬಿದನೂರಿಗೋ ಹಿಂದೂಪುರಕ್ಕೋ ಬಸ್ಸಿನಲ್ಲೇ ಹೋಗಬೇಕಾಯಿತು. ರಾಯದುರ್ಗ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 2007–08ರಲ್ಲಿ, ದಾವಣಗೆರೆ ಮಾರ್ಗಕ್ಕೆ 2011–12ರಲ್ಲಿ. ರೈಲಿಗಾಗಿ ಇಷ್ಟು ಕಾಲ ಕಾದ ನೆಲದಲ್ಲಿ ಕೂತು ರೈಲನ್ನು ಮೇಜಿನ ಮೇಲೆ ಕಟ್ಟಬೇಕೆನ್ನುವ ಆಸೆ ಹುಟ್ಟುವುದು ಸಹಜ. ಕಟ್ಟಲು ಹೊರಟವರಿಗೆ ಎದುರಾಗುವ ಮೊದಲ ತೊಂದರೆ ಬೆಟ್ಟದ್ದಲ್ಲ, ಬಯಲಿನದ್ದಲ್ಲ. ಬೋಗಿಯ ಕಿಟಕಿಯ ಸರಳಿನದ್ದು.

ನೀಲಿ ಬಣ್ಣದ ಐಸಿಎಫ್ ಸ್ಲೀಪರ್ ಬೋಗಿಯನ್ನೇ ತೆಗೆದುಕೊಳ್ಳಿ. ಮದರಾಸಿನ ಪೆರಂಬೂರಿನಲ್ಲಿ 1955ರಲ್ಲಿ ಶುರುವಾದ ಐಸಿಎಫ್ ಕಾರ್ಖಾನೆಯಿಂದ ಬಂದ ಈ ಬೋಗಿಯಲ್ಲಿ ನಮ್ಮಲ್ಲಿ ಕೂರದವರು ಕಡಿಮೆ. ಒಡಲಿನ ಉದ್ದ 21,337 ಮಿ.ಮೀ., ಅಗಲ 3,245 ಮಿ.ಮೀ. ಎಚ್‌ಒ ಅಳತೆಯಲ್ಲಿ 245 ಮಿ.ಮೀ. ಉದ್ದ, 37 ಮಿ.ಮೀ. ಅಗಲ. ಅಂಗೈ ಮೇಲೆ ಇಟ್ಟರೆ ಎರಡೂ ಕಡೆ ಆಚೆ ಚಾಚಿಕೊಳ್ಳುತ್ತದೆ, ಅಷ್ಟೆ. ಇಪ್ಪತ್ತನಾಲ್ಕು ಬೋಗಿಯ ಪೂರ್ತಿ ರೈಲು ನಿಜದಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು, ಮಾದರಿಯಲ್ಲಿ ಆರು ಮೀಟರ್ ಚಿಲ್ಲರೆ.

ತೂಕದ ಲೆಕ್ಕ ಕೇಳಿದರೆ ನಂಬುವುದು ಕಷ್ಟ. ಖಾಲಿ ಬೋಗಿ ಸುಮಾರು 40 ಟನ್. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕ 6,58,503 ಪಾಲು ಇಳಿಯುತ್ತದೆ. ನಿಜದ ಬೋಗಿಯಲ್ಲಿರುವ ಅದೇ ಉಕ್ಕನ್ನು ಅಳತೆಗೆ ತಕ್ಕಂತೆ ತೆಳುವಾಗಿಸಿ ಮಾದರಿ ಮಾಡಿದರೆ ಅದು ತೂಗುವುದು 61 ಗ್ರಾಂ. ಆದರೆ 61 ಗ್ರಾಂ ಬೋಗಿ ಹಳಿ ಮೇಲೆ ನಿಲ್ಲುವುದಿಲ್ಲ, ತಿರುವಿನಲ್ಲಿ ಮಗುಚುತ್ತದೆ. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಹಾಕಿಕೊಟ್ಟ ಸೂತ್ರದಂತೆ ಇಷ್ಟು ಉದ್ದದ ಬೋಗಿ ಸುಮಾರು 165 ಗ್ರಾಂ ತೂಗಬೇಕು. ಅಂದರೆ ಅಳತೆಗೆ ನಿಷ್ಠವಾಗಿರುವ ಬೋಗಿಗೆ ನಿಷ್ಠೆಯ ಮೇಲೆ ನೂರು ಗ್ರಾಂ ಸೀಸ ಹೇರಬೇಕು.

ಕಾಲ ಮಾತ್ರ ಕುಗ್ಗುವುದಿಲ್ಲ. ಗಂಟೆಗೆ 110 ಕಿ.ಮೀ. ವೇಗವೆಂದರೆ ಮಾದರಿಯಲ್ಲಿ ಸೆಕೆಂಡಿಗೆ 35 ಸೆಂಟಿಮೀಟರ್. ಆ ವೇಗದಲ್ಲಿ ಎಲ್ಲೂ ನಿಲ್ಲದೆ ತುಮಕೂರಿನಿಂದ ರಾಯದುರ್ಗಕ್ಕೆ ಓಡಿದರೆ ನಿಜದ ರೈಲಿಗೆ ಒಂದು ಗಂಟೆ ಐವತ್ತಮೂರು ನಿಮಿಷ ಬೇಕು. ಮಾದರಿ ರೈಲಿಗೂ ಅಷ್ಟೇ ಹೊತ್ತು ಬೇಕು.

ಕುಗ್ಗದ ಇನ್ನೊಂದಿದೆ, ಅದೇ ಈ ಕೆಲಸದ ತಿರುಳು: ಎಣಿಕೆ. ಉದ್ದವನ್ನು 87ರಿಂದ ಭಾಗಿಸಬಹುದು, ಕಿಟಕಿಗಳ ಸಂಖ್ಯೆಯನ್ನು ಭಾಗಿಸುವಂತಿಲ್ಲ. 72 ಬರ್ತಿನ ಸ್ಲೀಪರಿನಲ್ಲಿ ಒಂಬತ್ತು ಅಂಕಣ, ಪ್ರತಿ ಅಂಕಣಕ್ಕೆ ಬದಿಗೆ ಎರಡರಂತೆ 36 ಕಿಟಕಿ. ಕಿಟಕಿಗೆ ಐದೇ ಅಡ್ಡ ಸರಳು ಎಂದು ಹಿಡಿದರೂ ಬೋಗಿಗೆ 180 ಸರಳು. ರೈಲಿನಲ್ಲಿ ಹತ್ತು ಸ್ಲೀಪರ್ ಇದ್ದರೆ 1,800. ನಾಲ್ಕು ಬಾಗಿಲಿನ ಎರಡೂ ಮಗ್ಗುಲಲ್ಲಿ ಹಿಡಿಕೆ, ಒಟ್ಟು ಎಂಟು. ತುದಿಗಳಲ್ಲಿ ನಾಲ್ಕು ಬಫರು. ಬೋಗಿಯನ್ನು ಹೊತ್ತಿರುವ ಚಕ್ರದ ಚೌಕಟ್ಟನ್ನು ರೈಲ್ವೆ ಕೆಲಸಗಾರರು ಟ್ರಾಲಿ ಎನ್ನುತ್ತಾರೆ. ಬೋಗಿಗೆ ಎರಡು ಟ್ರಾಲಿ, ಅವುಗಳ ಆಕ್ಸಲ್ ಬಾಕ್ಸ್‌ಗಳ ಮೇಲೆ ಹದಿನಾರು ಸುರುಳಿ ಸ್ಪ್ರಿಂಗು. ಇಪ್ಪತ್ತನಾಲ್ಕು ಬೋಗಿಗೆ 384. ಇವೆಲ್ಲ ಅಷ್ಟಕ್ಕಷ್ಟೂ ಬೇಕು, ಒಂದೊಂದೂ ಸರಿಯಾದ ಅಳತೆಯಲ್ಲಿ ಬೇಕು. ಬಣ್ಣ ಎಷ್ಟೇ ಚೆನ್ನಾಗಿ ಬಳಿದಿರಲಿ, ಸರಳಿನ ಜಾಗದಲ್ಲಿ ಬೆಂಕಿಕಡ್ಡಿ ದಪ್ಪದ ಪ್ಲಾಸ್ಟಿಕ್ ಇದ್ದರೆ ಅದು ನಾವು ಕೂತು ಬಂದ ಬೋಗಿಯಲ್ಲ. ಮಾದರಿಯ ಸತ್ಯ ಇರುವುದು ಈ ಚಿಲ್ಲರೆ ಭಾಗಗಳಲ್ಲೇ ಎಂಬುದು ನನ್ನ ಗಟ್ಟಿ ನಂಬಿಕೆ.

ಇವನ್ನು ತರುವುದೆಲ್ಲಿಂದ? ಯುರೋಪು, ಅಮೆರಿಕದ ಬೋಗಿಗಳಿಗಾದರೆ ಹಿತ್ತಾಳೆಯ ಹಿಡಿಕೆಯಿಂದ ಹಿಡಿದು ಬ್ರೇಕಿನ ಸಿಲಿಂಡರಿನವರೆಗೆ ಎಲ್ಲಕ್ಕೂ ಕ್ಯಾಟಲಾಗ್ ಉಂಟು. ಭಾರತದ ಬೋಗಿ ಕಟ್ಟುವವರು ಆ ಕ್ಯಾಟಲಾಗುಗಳಲ್ಲಿ ನೆಂಟಸ್ತಿಕೆ ಹುಡುಕಬೇಕು. ನೆಂಟಸ್ತಿಕೆ ನಿಜಕ್ಕೂ ಇದೆ. ಐಸಿಎಫ್ ಬೋಗಿಯ ವಿನ್ಯಾಸ ಬಂದದ್ದು ಸ್ವಿಟ್ಜರ್‌ಲ್ಯಾಂಡಿನ ಜೂರಿಕ್ ಪಕ್ಕದ ಶ್ಲೀರನ್ ಊರಿನ ಕಾರ್ಖಾನೆಯಿಂದ. ಆಸ್ಟ್ರಿಯಾದ ರೈಲ್ವೆಯಲ್ಲಿ ಓಡಿದ ‘ಶ್ಲೀರನ್’ ಬೋಗಿಗಳ ಹೆಸರಿನ ಮೂಲವೂ ಅದೇ ಕಾರ್ಖಾನೆ, ಅವುಗಳ ಎಚ್‌ಒ ಮಾದರಿ ಅಂಗಡಿಯಲ್ಲಿ ಸಿಗುತ್ತದೆ. ಹಾಗೆಂದು ಅದರ ಟ್ರಾಲಿಯನ್ನು ಹಾಗೇ ಬಿಚ್ಚಿ ಹಾಕಿಕೊಳ್ಳುವಂತಿಲ್ಲ. ನಮ್ಮ ಐಸಿಎಫ್ ಟ್ರಾಲಿಯಲ್ಲಿ ಚಕ್ರದಿಂದ ಚಕ್ರಕ್ಕೆ 2,896 ಮಿ.ಮೀ., ಮಾದರಿಯಲ್ಲಿ 33.3. ಇದನ್ನು ಅಳೆದು ನೋಡಿಯೇ ಕೊಳ್ಳಬೇಕು.

ಐಸಿಎಫ್ ಬೋಗಿಯ ಜಾಗಕ್ಕೆ ಈಗ ಬಂದಿರುವ ಎಲ್‌ಎಚ್‌ಬಿ ಬೋಗಿಯ ವಿಷಯದಲ್ಲಿ ಅದೃಷ್ಟ ಇನ್ನೂ ಚೆನ್ನಾಗಿದೆ. ಅದರ ಫಿಯಟ್ ಟ್ರಾಲಿಯ ಚಕ್ರಾಂತರ 2,560 ಮಿ.ಮೀ. 1970ರ ದಶಕದ ಯುರೋಫಿಮಾ ಬೋಗಿಗಳ ಫಿಯಟ್ ಟ್ರಾಲಿಯದೂ ಅಷ್ಟೇ, ಅದರ ಮಾದರಿಗಳು ಯುರೋಪಿನಲ್ಲಿ ಹೇರಳ. ಇನ್ನು ಚಕ್ರ: ನಮ್ಮದು 915 ಮಿ.ಮೀ., ಅಂದರೆ 36 ಅಂಗುಲ. ಅಮೆರಿಕದ ಪ್ಯಾಸೆಂಜರ್ ಬೋಗಿಯ ಚಕ್ರವೂ 36 ಅಂಗುಲ. ಕೇಡಿ ಮುಂತಾದ ಕಂಪನಿಗಳು ಅದನ್ನು ಹತ್ತೂವರೆ ಮಿ.ಮೀ. ವ್ಯಾಸದಲ್ಲಿ ಮಾಡಿಟ್ಟಿವೆ. ನಮ್ಮ ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಚಕ್ರದ ತದ್ರೂಪು ಸಮುದ್ರದಾಚೆ ಡಬ್ಬಿಯಲ್ಲಿ ಸಿದ್ಧವಾಗಿ ಕೂತಿದೆ.

ಹಳಿಯೊಂದು ಮಾತ್ರ ಒಗ್ಗುವುದಿಲ್ಲ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ., ಐದಡಿ ಆರಂಗುಲ. ಸಾಮಾನ್ಯ ಎತ್ತರದ ಗಂಡಸು ಅಡ್ಡಲಾಗಿ ಮಲಗುವಷ್ಟು. 87ರಿಂದ ಭಾಗಿಸಿದರೆ 19.3 ಮಿ.ಮೀ. ಮಾರುಕಟ್ಟೆಯ ಎಚ್‌ಒ ಹಳಿ ಯುರೋಪಿನ 1,435 ಮಿ.ಮೀ. ಗೇಜಿಗೆಂದು ಮಾಡಿದ್ದು, 16.5 ಮಿ.ಮೀ. ವ್ಯತ್ಯಾಸ ಮೂರು ಮಿಲಿಮೀಟರೂ ಇಲ್ಲ. ನಿಜದ ಲೆಕ್ಕದಲ್ಲಿ ಅದು 24 ಸೆಂಟಿಮೀಟರ್! ಎದುರಿನಿಂದ ನೋಡಿದರೆ ಬೋಗಿ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಹಳಿ ಬದಲಿಸಲಾಗದವರು ಟ್ರಾಲಿಯ ಪಕ್ಕದ ಚೌಕಟ್ಟನ್ನಾದರೂ ಒಂದೂವರೆ ಮಿ.ಮೀ.ಯಷ್ಟು ಹೊರಗೆ ಸರಿಸುವುದು ಒಳ್ಳೆಯದು, ಪಕ್ಕದಿಂದ ಮತ್ತು ಮೂಲೆಯಿಂದ ನೋಡುವ ಕಣ್ಣಿಗೆ ಸಮಾಧಾನವಾಗುತ್ತದೆ. ವಿಚಿತ್ರವೆಂದರೆ ನಮ್ಮ ಹಳೆಯ ಎರಡೂವರೆ ಅಡಿಯ ನ್ಯಾರೋಗೇಜ್ 8.8 ಮಿ.ಮೀ. ಆಗಿ, 9 ಮಿ.ಮೀ.ಯ ‘ಎನ್’ ಹಳಿಯ ಮೇಲೆ ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತದೆ. ಮೀಟರ್ ಗೇಜಿಗೆ 12 ಮಿ.ಮೀ. ಹಳಿ ಸಾಕು.

ಈಗ ಕಿಟಕಿಯ ಸರಳು. ಹತ್ತು ಮಿ.ಮೀ. ದಪ್ಪದ ಸರಳನ್ನು ಭಾಗಿಸಿದರೆ 0.115 ಮಿ.ಮೀ. ಪ್ಲಾಸ್ಟಿಕ್ ಅಚ್ಚಿನಲ್ಲಿ ಇದು ಬರುವುದಿಲ್ಲ. ರಾಳದ ತ್ರೀಡಿ ಪ್ರಿಂಟರ್ ಸಾಮಾನ್ಯವಾಗಿ 0.05 ಮಿ.ಮೀ. ಪದರ ಹಾಕುತ್ತದೆ. ಆ ಒಂದು ಪದರವೇ ನಿಜದ ಬೋಗಿಯ ಮೇಲೆ ನಾಲ್ಕು ಮಿ.ಮೀ. ದಪ್ಪದ ಗೀಟು. ಹಿತ್ತಾಳೆ ತಗಡನ್ನು ಆಮ್ಲದಲ್ಲಿ ಕೊರೆಯುವ ವಿಧಾನ ಇದಕ್ಕಿಂತ ಮೇಲು. ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ತಾಮ್ರದ ಗೆರೆ ಮೂಡಿಸುವ ವಿಧಾನವೇ ಅದು, ಬೆಂಗಳೂರಿಗೆ ಹೊಸದಲ್ಲ. ಆದರೂ ಕೆಲಸಕ್ಕೆ ಬರುವ 0.2 ಮಿ.ಮೀ. ತಗಡು ನಿಜದಲ್ಲಿ 17 ಮಿ.ಮೀ. ಆಗುತ್ತದೆ. ಬೋಗಿಯ ಪಕ್ಕದ ಉಕ್ಕಿನ ತಗಡು ಎರಡು ಮಿ.ಮೀ. ಆಸುಪಾಸಿನದು.

ಇದಕ್ಕೆ ಉತ್ತರ ಈ ತಾಲ್ಲೂಕುಗಳ ಪೇಟೆಯಲ್ಲೇ ಇದೆ. ಬೋರ್‌ವೆಲ್ ನಂಬಿದ ಸೀಮೆಯಿದು. ಮೋಟರ್ ವೈಂಡಿಂಗ್ ಅಂಗಡಿ ಇಲ್ಲದ ಪೇಟೆ ಬೀದಿ ಇಲ್ಲ. ಅಲ್ಲಿ ಇನಾಮಲ್ ಲೇಪಿಸಿದ ತಾಮ್ರದ ತಂತಿ ಗೇಜಿನ ಲೆಕ್ಕದಲ್ಲಿ ಸಿಗುತ್ತದೆ. ಫ್ಯಾನಿಗೆ ಸುತ್ತುವ 36 ಗೇಜಿನದು 0.19 ಮಿ.ಮೀ., ನಿಜದಲ್ಲಿ 17 ಮಿ.ಮೀ. ಸರಳು. ಸಣ್ಣ ಟ್ರಾನ್ಸ್‌ಫಾರ್ಮರಿನ 40 ಗೇಜು 0.12 ಮಿ.ಮೀ., ನಿಜದಲ್ಲಿ ಹತ್ತೂವರೆ ಮಿ.ಮೀ. ನಮಗೆ ಬೇಕಾದದ್ದು ಅದೇ. ಬಾಗಿಲ ಹಿಡಿಕೆಗೆ 32 ಗೇಜು, 0.27 ಮಿ.ಮೀ., ನಿಜದಲ್ಲಿ 24. ಸುರುಳಿಯ ಡೊಂಕು ತೆಗೆಯಲು ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಇಕ್ಕಳದಿಂದ ಹಿಡಿದು, ತಂತಿ ತುಸು ಸೋತು ಉದ್ದವಾಗುವವರೆಗೆ ಎಳೆಯಬೇಕು. ಬಿಟ್ಟಾಗ ಅದು ಗೀಟಿನಂತೆ ನೆಟ್ಟಗಿರುತ್ತದೆ. ಇನ್ನೂ ತೆಳು ಬೇಕೆಂದರೆ ಅಕ್ಕಸಾಲಿಗರ ಕಂಬಚ್ಚಿದೆ, ಒಂದಕ್ಕಿಂತ ಒಂದು ಕಿರಿದಾದ ತೂತುಗಳಲ್ಲಿ ತಂತಿ ಎಳೆದು ಸಣ್ಣ ಮಾಡುವ ಅಚ್ಚು. ಚಿಮುಟ, ಭೂತಗನ್ನಡಿ, ಒಂದು ಮಿಲಿಮೀಟರಿಗಿಂತ ಸಣ್ಣ ತಿರುಪು ಬೇಕಾದರೆ ವಾಚ್ ರಿಪೇರಿಯವರನ್ನು ಕೇಳಿ. ಎಚ್‌ಎಂಟಿಯ ವಾಚ್ ಕಾರ್ಖಾನೆ ಇದ್ದ ಜಿಲ್ಲೆ ಇದು. ಸೂಕ್ಷ್ಮ ಕೈಗೆಲಸ ಇಲ್ಲಿಗೆ ಪರಕೀಯವಲ್ಲ.

ತಂತಿ ಸಿಗುತ್ತದೆ, ಚಕ್ರ ಸಿಗುತ್ತದೆ. ಸಿಗದಿರುವುದು ಅಳತೆ. ಬೋಗಿಯ ಒಟ್ಟು ಉದ್ದಗಲ ಎಲ್ಲ ಕಡೆ ಮುದ್ರಿತವಾಗಿದೆ. ಬಾಗಿಲ ಹಿಡಿಕೆ ನೆಲದಿಂದ ಎಷ್ಟು ಮೇಲೆ ಶುರುವಾಗುತ್ತದೆ, ಸರಳಿಗೂ ಸರಳಿಗೂ ಅಂತರವೆಷ್ಟು, ಮೆಟ್ಟಿಲ ತಗಡು ಎಷ್ಟು ಹೊರಗೆ ಚಾಚಿದೆ ಎಂಬುದನ್ನು ಯಾರೂ ಬರೆದಿಟ್ಟಿಲ್ಲದ ಕಡೆ ನಾವೇ ಬರೆದುಕೊಳ್ಳಬೇಕು. ಐಸಿಎಫ್ ಮಾದರಿಯ ಬೋಗಿ ತಯಾರಿಕೆ 2018ರ ಜನವರಿಗೆ ನಿಂತಿದೆ. ಅವುಗಳ ಆಯಸ್ಸು 25 ವರ್ಷ. ಕೊನೆಯದಾಗಿ ಹೊರಬಂದ ಬೋಗಿಯೂ 2043ರ ಹೊತ್ತಿಗೆ ಗುಜರಿ ಸೇರುತ್ತದೆ. ಮೈಸೂರಿನ ರೈಲು ಮ್ಯೂಸಿಯಂ 1979ರಿಂದಲೂ ಮಹಾರಾಣಿಯ ಸಲೂನನ್ನು ಜೋಪಾನ ಮಾಡಿದೆ. ಜನಸಾಮಾನ್ಯರ ಸ್ಲೀಪರಿಗೂ ಅಷ್ಟು ಗೌರವ ಸಲ್ಲಬೇಕು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ತುಮಕೂರು, ಗೌರಿಬಿದನೂರು, ಹಿಂದೂಪುರದ ಪ್ಲಾಟ್‌ಫಾರ್ಮಿನಲ್ಲಿ ನೀಲಿ ಬೋಗಿ ಹೆಚ್ಚು ಹೊತ್ತು ನಿಂತದ್ದು ಕಂಡರೆ, ಹಳಿಗಿಳಿಯದೆ, ಪ್ಲಾಟ್‌ಫಾರ್ಮಿನ ಮೇಲಿಂದಲೇ ಟೇಪು ಹಿಡಿದು ಒಂದು ಕಿಟಕಿ, ಒಂದು ಹಿಡಿಕೆ ಅಳೆಯಿರಿ. ಟೇಪಿನ ಅಂಕಿ ಕಾಣುವಂತೆ ನೇರ ಎದುರಿನಿಂದ ಫೋಟೋ ತೆಗೆಯಿರಿ. ಬೋಗಿಯ ನಂಬರನ್ನೂ ಬರೆದುಕೊಳ್ಳಿ. ಅದರ ಮೊದಲ ಎರಡು ಅಂಕಿ ಬೋಗಿ ತಯಾರಾದ ವರ್ಷ. 02 ಎಂದು ಶುರುವಾಗುವ ಬೋಗಿಗೆ 2027ಕ್ಕೆ 25 ವರ್ಷ ತುಂಬುತ್ತದೆ. ಅದನ್ನೇ ಮೊದಲು ಅಳೆಯಿರಿ.