ದೇವರ ಮೇಲೆ ಭಾರ ಹಾಕಿದಾಗ

ಪ್ರಶ್ನೆ: ಕಷ್ಟಕಾಲದಲ್ಲಿ ‘ಎಲ್ಲಾ ಅವನಿಚ್ಛೆ’ ಎಂದು ದೇವರನ್ನು ನೆನೆದರೆ ಎದೆಬಡಿತ ತಹಬಂದಿಗೆ ಬರುವುದೇಕೆ?

ಭಯವಾದಾಗ ಅಡ್ರಿನಲಿನ್ ಉಕ್ಕಿ ಉಸಿರು ಚಿಕ್ಕದಾಗುತ್ತದೆ, ಗುಂಡಿಗೆ ಓಡುತ್ತದೆ. ಅವನು ಕಾಯುತ್ತಾನೆ ಎಂದು ನಂಬಿದವರ ಮನಸ್ಸು ‘ಮುಂದೇನೋ’ ಎಂಬ ಚಿಂತೆಯನ್ನು ತುಸು ಹೊತ್ತು ಬಿಟ್ಟಿರುತ್ತದೆ; ದಾರಿಬದಿಯ ಕಲ್ಲಿನ ಮೇಲೆ ತಲೆಹೊರೆ ಇಳಿಸಿ ದಣಿವಾರಿಸಿಕೊಂಡಂತೆ. ಹೊರೆ ಅಷ್ಟೇ ಇರುತ್ತದೆ, ಕುತ್ತಿಗೆಗೆ ಮತ್ತೆ ಬಲ ಬಂದಿರುತ್ತದೆ.

ದೇಹದ ಪಾಲೂ ಇದೆ. ಜಪ ಮಾಡುವಾಗ ಒಂದೊಂದು ಸಾಲಿಗೂ ಉಸಿರನ್ನು ನಿಧಾನವಾಗಿ ಬಿಡಲೇಬೇಕು. ಆಗ ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಚುರುಕಾಗಿ ಬಡಿತವನ್ನು ತಗ್ಗಿಸುತ್ತದೆ. 2001ರಲ್ಲಿ ಇಟಲಿಯ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಥೊಲಿಕರ ಜಪಮಾಲೆಯ ಪ್ರಾರ್ಥನೆ ಹೇಳಿದಾಗಲೂ ಬೌದ್ಧ ಮಂತ್ರ ಹೇಳಿದಾಗಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ಅಷ್ಟು ದೂರದ ಎರಡು ಧರ್ಮಗಳಿಗೆ ಒಂದೇ ಲಯ ಸಿಕ್ಕಿದ್ದು ನಿಜಕ್ಕೂ ಸೋಜಿಗ.